ಅಮೆರಿಕದ ಸ್ಕೂಲ್ ಬೋರ್ಡ್ ರೀಕಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಬೋರ್ಡ್ ಮೆಂಬರನ್ನು ರೀಕಾಲ್ ಮಾಡ್ತಿದ್ದಾರಂತೆ, ಸಹಿ ಹಾಕ್ತೀರಾ?" ರೀಕಾಲ್ ಅಂದರೆ ಆರಿಸಿದವರನ್ನು ಅವಧಿ ಮುಗಿಯುವ ಮೊದಲೇ ಮತದಾರರು ಓಟು ಹಾಕಿ ಇಳಿಸುವುದು. ಅಂಥವರಿಗಾಗಿ, ಮತ್ತು ಊರಲ್ಲಿ ಕೂತು "ಆರಿಸಿದವರನ್ನು ಮಧ್ಯದಲ್ಲೇ ಮನೆಗೆ ಕಳಿಸಬಹುದಾ?" ಎಂದು ಬೆರಗಾಗುವವರಿಗಾಗಿ ಈ ಪುಟ. ಹೆಚ್ಚಿನ ಉದಾಹರಣೆ ಕ್ಯಾಲಿಫೋರ್ನಿಯಾದ್ದು. ರೀಕಾಲ್ ಗಲಾಟೆ ಜಾಸ್ತಿ ನಡೆಯುವುದೂ ಅಲ್ಲೇ, ನಮ್ಮವರು ಜಾಸ್ತಿ ಇರುವುದೂ ಅಲ್ಲೇ.

ಸ್ಕೂಲ್ ಬೋರ್ಡ್ ಅಂದರೆ ಯಾರು? ಅವರ ಕೈಯಲ್ಲಿ ಏನಿದೆ?

ಅಲ್ಲಿ ಸರ್ಕಾರಿ ಶಾಲೆಗಳ ದಿನನಿತ್ಯದ ಆಡಳಿತ ಆಯಾ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆಯ ಕೈಯಲ್ಲಿದೆ. ಆ ಡಿಸ್ಟ್ರಿಕ್ಟ್ ಮೇಲೆ ಕೂರುವ, ಸಾಮಾನ್ಯವಾಗಿ ಐದು ಅಥವಾ ಏಳು ಜನರ ಮಂಡಳಿಯೇ ಸ್ಕೂಲ್ ಬೋರ್ಡ್. ಹೆಚ್ಚಿನ ಕಡೆ ಇವರನ್ನು ಜನರೇ ಆರಿಸುತ್ತಾರೆ. ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿ) ಯಾರಾಗಬೇಕು, ಬಜೆಟ್ ಎಷ್ಟು, ಶಿಕ್ಷಕರ ಜೊತೆಗಿನ ಸಂಬಳದ ಒಪ್ಪಂದ ಏನು, ಯಾವ ಪಠ್ಯಪುಸ್ತಕ, ಯಾವ ಶಾಲೆ ಮುಚ್ಚಬೇಕು ಎಂದು ಇವರೇ ಕೈಯೆತ್ತಿ ತೀರ್ಮಾನ ಮಾಡುತ್ತಾರೆ.

ಕೆಲಸ ದೊಡ್ಡದು, ಸಂಬಳ ಮಾತ್ರ ನಗು ಬರಿಸುವಂಥದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೀಕಾಲ್ ನಡೆದಾಗ ಬೋರ್ಡ್ ಸದಸ್ಯರಿಗೆ ತಿಂಗಳಿಗೆ ಸಿಗುತ್ತಿದ್ದುದು 500 ಡಾಲರ್. ಸುಮಾರು 50,000 ಮಕ್ಕಳ ಡಿಸ್ಟ್ರಿಕ್ಟ್ ನಡೆಸಲು ಇಷ್ಟು! ಹಾಗಾಗಿ ಈ ಹುದ್ದೆಗೆ ನಿಲ್ಲುವವರಲ್ಲಿ ಶಾಲೆಯ ಮೇಲೆ ನಿಜವಾದ ಪ್ರೀತಿ ಇರುವವರೂ ಇರುತ್ತಾರೆ, ಮುಂದಿನ ರಾಜಕೀಯಕ್ಕೆ ಇದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡವರೂ ಇರುತ್ತಾರೆ.

ರೀಕಾಲ್ ಅಂದರೆ ಅವಿಶ್ವಾಸ ನಿರ್ಣಯದ ಥರವಾ?

ಅಲ್ಲ. ಅವಿಶ್ವಾಸ ನಿರ್ಣಯದಲ್ಲಿ ಓಟು ಹಾಕುವವರು ಜೊತೆಗಿನ ಸದಸ್ಯರು. ರೀಕಾಲ್‌ನಲ್ಲಿ ಮೊದಲು ಸಹಿ ಹಾಕುವವರೂ ಮತದಾರರೇ, ಆಮೇಲೆ ಓಟು ಹಾಕುವವರೂ ಮತದಾರರೇ.

ಅಮೆರಿಕದ ಎಲ್ಲ ಕಡೆ ಈ ಅವಕಾಶ ಇದೆಯಾ?

ಇಲ್ಲ. ಅರ್ಧದಷ್ಟು ರಾಜ್ಯಗಳಲ್ಲಿ ಇದೆ ಅಂದುಕೊಳ್ಳಿ. ಇರುವ ಕಡೆಯೂ ನಿಯಮ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕಾರಣ ಏನಿದ್ದರೂ ಸರಿ, "ನಮಗೆ ಇವರು ಬೇಡ" ಎಂದರೂ ನಡೆಯುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಹಾಗಲ್ಲ. ಅಲ್ಲಿ ಸದಸ್ಯರು ಕಾನೂನು ಮುರಿದರು ಅಥವಾ ಪ್ರಮಾಣವಚನಕ್ಕೆ ತಪ್ಪಿದರು ಎಂಬ ಆರೋಪ ಬೇಕು. ಆ ಆರೋಪದಲ್ಲಿ ಹುರುಳಿದೆಯಾ ಎಂದು ಮೊದಲು ನ್ಯಾಯಾಧೀಶರು ನೋಡುತ್ತಾರೆ, ಸಹಿ ಸಂಗ್ರಹ ಆಮೇಲೆ. ಆ ರಾಜ್ಯದ ರಿಚ್‌ಲ್ಯಾಂಡ್‌ನಲ್ಲಿ ಮೂವರು ಸದಸ್ಯರು 2022ರ ಫೆಬ್ರವರಿಯಲ್ಲಿ, ರಾಜ್ಯದ ಆದೇಶ ಇನ್ನೂ ಜಾರಿಯಲ್ಲಿದ್ದಾಗಲೇ, ಶಾಲೆಯಲ್ಲಿ ಮಾಸ್ಕ್ ಕಡ್ಡಾಯವಲ್ಲ ಎಂದು ಓಟು ಹಾಕಿದರು. ಕೋರ್ಟ್ ದಾಟಿ ಬಂದ ಆ ರೀಕಾಲ್ 2023ರ ಆಗಸ್ಟ್‌ನಲ್ಲಿ ಮೂವರನ್ನೂ ಕೆಳಗಿಳಿಸಿತು.

ವರ್ಜೀನಿಯಾದ್ದು ಇನ್ನೊಂದು ಬಗೆ. ಅಲ್ಲಿ ಜನ ಸಹಿ ಕೊಟ್ಟರೆ ವಿಷಯ ಕೋರ್ಟಿಗೆ ಹೋಗುತ್ತದೆ, ಚುನಾವಣೆಗಲ್ಲ. ಐಡಾಹೋದಲ್ಲಿ "ತೆಗೆಯಿರಿ" ಎನ್ನುವವರ ಸಂಖ್ಯೆ ಜಾಸ್ತಿಯಾದರೆ ಸಾಲದು. ಆ ಸದಸ್ಯರು ಗೆದ್ದಾಗ ಪಡೆದ ಮತಗಳಿಗಿಂತಲೂ ಅದು ಹೆಚ್ಚಿರಬೇಕು. ನನಗೆ ಇದು ಒಳ್ಳೆಯ ನಿಯಮ ಅನ್ನಿಸುತ್ತದೆ. ಸಾವಿರ ಜನ ಆರಿಸಿದವರನ್ನು ನೂರು ಜನ ಬಂದು ತೆಗೆಯುವುದು ಸರಿಯಲ್ಲ, ಅಲ್ವಾ? ಟೆಕ್ಸಾಸ್‌ನಲ್ಲಂತೂ ಸ್ಕೂಲ್ ಬೋರ್ಡ್ ಸದಸ್ಯರ ರೀಕಾಲ್‌ಗೆ ರಾಜ್ಯದ ಕಾನೂನಿನಲ್ಲಿ ಜಾಗವೇ ಇಲ್ಲ. ಡಾಲಸ್ ಕನ್ನಡಿಗರು ಮುಂದಿನ ಚುನಾವಣೆಗೆ ಕಾಯಬೇಕು.

ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಸಹಿ ಬೇಕು? ಎಷ್ಟು ದಿನ ಸಿಗುತ್ತದೆ?

ಮೊದಲು ಒಂದು ನೋಟಿಸ್. ಯಾರನ್ನು, ಯಾಕೆ ತೆಗೆಯಬೇಕು ಎಂದು 200 ಪದದೊಳಗೆ ಬರೆದು ಅವರಿಗೇ ತಲುಪಿಸಬೇಕು. ಏಳು ದಿನದೊಳಗೆ ಅವರೂ 200 ಪದದಲ್ಲಿ ಉತ್ತರ ಕೊಡಬಹುದು. ಎರಡೂ ಸಹಿ ಹಾಳೆಯ ಮೇಲೆ ಅಚ್ಚಾಗುತ್ತವೆ.

ಸಹಿ ಎಷ್ಟು ಎಂಬುದು ಊರಿನ ಗಾತ್ರದ ಮೇಲೆ. ಒಂದು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಮತದಾರರಿದ್ದರೆ ನೂರಕ್ಕೆ 10. ಐವತ್ತು ಸಾವಿರದಿಂದ ಲಕ್ಷದೊಳಗೆ ನೂರಕ್ಕೆ 15. ಹತ್ತು ಸಾವಿರದಿಂದ ಐವತ್ತು ಸಾವಿರದೊಳಗೆ 20. ಸಾವಿರದಿಂದ ಹತ್ತು ಸಾವಿರದೊಳಗೆ 25. ಸಾವಿರಕ್ಕಿಂತ ಕಡಿಮೆಯಾದರೆ 30. ದೊಡ್ಡ ಡಿಸ್ಟ್ರಿಕ್ಟಿಗೆ 160 ದಿನ ಸಿಗುತ್ತದೆ, ತೀರಾ ಚಿಕ್ಕದಕ್ಕೆ 40 ದಿನ. ಹೊಸದಾಗಿ ಬಂದು 90 ದಿನ ಆಗದವರನ್ನೂ, ಅವಧಿ ಮುಗಿಯಲು ಆರು ತಿಂಗಳೂ ಉಳಿಯದವರನ್ನೂ ಮುಟ್ಟುವ ಹಾಗಿಲ್ಲ.

ಲೆಕ್ಕದಲ್ಲಿ ಇದು ಸುಲಭ ಕಾಣುತ್ತದೆ. ಬೀದಿಗಿಳಿದರೆ ಗೊತ್ತಾಗುತ್ತದೆ. ಪ್ರತಿ ಸದಸ್ಯರಿಗೂ ಬೇರೆ ಬೇರೆ ಹಾಳೆ. ಮೂವರನ್ನು ತೆಗೆಯಬೇಕೆಂದರೆ ತರಕಾರಿ ಸಂತೆಯಲ್ಲಿ ಕೈಚೀಲ ಹಿಡಿದು ನಿಂತ ಒಬ್ಬ ಮನುಷ್ಯ ಮೂರು ಕಡೆ ಹೆಸರು, ಮೂರು ಕಡೆ ವಿಳಾಸ, ಮೂರು ಕಡೆ ಸಹಿ ಹಾಕಬೇಕು. ಮಗು ಸ್ಟ್ರೋಲರ್‌ನಲ್ಲಿ ಅಳುತ್ತಿದ್ದರೆ ಎರಡನೇ ಹಾಳೆಗೇ "ಸಾರಿ, ಆಮೇಲೆ ಬರ್ತೀನಿ". ಆ ಆಮೇಲೆ ಬರುವುದೇ ಇಲ್ಲ. ಹಾಕಿದ ಸಹಿಗಳಲ್ಲೂ ವಿಳಾಸ ತಪ್ಪು, ಮತದಾರರೇ ಅಲ್ಲ, ಎರಡು ಸಲ ಹಾಕಿದ್ದಾರೆ ಎಂದು ಒಂದಷ್ಟು ಬಿದ್ದುಹೋಗುತ್ತವೆ. ಬೇಕಾದದ್ದಕ್ಕಿಂತ ತುಂಬಾ ಜಾಸ್ತಿ ಸೇರಿಸುವುದು ಅದಕ್ಕೇ.

ಎಲ್ಲರೂ ಸ್ಯಾನ್ ಫ್ರಾನ್ಸಿಸ್ಕೋ ಹೆಸರು ಹೇಳುತ್ತಾರೆ. ಅಲ್ಲಿ ಏನಾಯಿತು?

2022ರ ಫೆಬ್ರವರಿ 15. ಬೋರ್ಡಿನ ಏಳು ಜನರಲ್ಲಿ ಮೂವರನ್ನು ಜನ ಒಂದೇ ದಿನ ಮನೆಗೆ ಕಳಿಸಿದರು: ಅಧ್ಯಕ್ಷೆ ಗೇಬ್ರಿಯೆಲಾ ಲೋಪೆಜ್, ಆಲಿಸನ್ ಕಾಲಿನ್ಸ್, ಫಾಉಗಾ ಮೊಲೀಗಾ. ಕಾಲಿನ್ಸ್ ವಿರುದ್ಧ ನೂರಕ್ಕೆ 76 ಮತ, ಲೋಪೆಜ್ ವಿರುದ್ಧ 72, ಮೊಲೀಗಾ ವಿರುದ್ಧ 69ರ ಹತ್ತಿರ. ಡೆಮಾಕ್ರಟ್‌ಗಳ ಭದ್ರಕೋಟೆಯಲ್ಲಿ ಡೆಮಾಕ್ರಟ್ ಮತದಾರರೇ ಮಾಡಿದ ಕೆಲಸ ಇದು. ಅದಕ್ಕೇ ದೇಶವೆಲ್ಲ ತಿರುಗಿ ನೋಡಿತು.

ಸಿಟ್ಟಿಗೆ ಕಾರಣ ಒಂದಲ್ಲ. ಬುಡದಲ್ಲಿ ಇದ್ದದ್ದು ಮುಚ್ಚಿದ ಶಾಲೆ. 2020ರ ಮಾರ್ಚ್‌ನಲ್ಲಿ ಹಾಕಿದ ಬಾಗಿಲು, ಚಿಕ್ಕ ಮಕ್ಕಳಿಗೆ 2021ರ ಏಪ್ರಿಲ್‌ವರೆಗೆ ತೆಗೆಯಲಿಲ್ಲ. ದೊಡ್ಡ ಮಕ್ಕಳಲ್ಲಿ ಹೆಚ್ಚಿನವರು ಆಗಸ್ಟ್‌ವರೆಗೆ ಕಾದರು. ಅದೇ ಊರಿನ ಖಾಸಗಿ ಶಾಲೆಗಳು ಅಷ್ಟರಲ್ಲಿ ತೆರೆದಾಗಿತ್ತು. ದುಡ್ಡಿದ್ದವರ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಹೊರಟರೆ, ಉಳಿದವರ ಮಕ್ಕಳು ಅಡುಗೆಮನೆಯ ಮೇಜಿನ ಮೇಲೆ ಕ್ರೋಮ್‌ಬುಕ್ ಇಟ್ಟುಕೊಂಡು ಕೂತಿದ್ದರು. ಕೊನೆಗೆ 2021ರ ಫೆಬ್ರವರಿಯಲ್ಲಿ ನಗರಾಡಳಿತವೇ ತನ್ನ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ಮೇಲೆ ಕೇಸು ಹಾಕಿತು.

ಇಂಥ ಹೊತ್ತಿನಲ್ಲಿ ಬೋರ್ಡ್ ಏನು ಮಾಡುತ್ತಿತ್ತು? 44 ಶಾಲೆಗಳ ಹೆಸರು ಬದಲಾಯಿಸುತ್ತಿತ್ತು. 2021ರ ಜನವರಿಯಲ್ಲಿ 6-1 ಮತದಿಂದ ಅದು ಪಾಸಾಯಿತು. ಪಟ್ಟಿಯಲ್ಲಿ ಜಾರ್ಜ್ ವಾಷಿಂಗ್ಟನ್, ಅಬ್ರಹಾಂ ಲಿಂಕನ್, ಆಗಿನ್ನೂ ಸೆನೆಟರ್ ಆಗಿದ್ದ ಡಯಾನ್ ಫೈನ್‌ಸ್ಟೈನ್ ಎಲ್ಲರೂ ಇದ್ದರು. ಗುಲಾಮಗಿರಿಗೆ, ಜನಾಂಗ ದ್ವೇಷಕ್ಕೆ ಸಂಬಂಧವಿದ್ದವರ ಹೆಸರು ಶಾಲೆಗೆ ಬೇಡ ಎನ್ನುವುದು ಚರ್ಚಿಸಬೇಕಾದ ವಿಷಯವೇ. ಆದರೆ ಹೋಮ್‌ವರ್ಕ್ ಸರಿಯಾಗಿ ಮಾಡಬೇಕಲ್ಲ! ಪಟ್ಟಿಯಲ್ಲಿದ್ದ ಇನ್ನೊಬ್ಬ, ಅಮೆರಿಕದ ಸ್ವಾತಂತ್ರ್ಯ ಹೋರಾಟದ ವೀರ ಪಾಲ್ ರಿವೀರ್ 1779ರಲ್ಲಿ ಬ್ರಿಟಿಷರ ವಿರುದ್ಧ ಪೆನಾಬ್‌ಸ್ಕಾಟ್ ಎಂಬಲ್ಲಿಗೆ ದಂಡಯಾತ್ರೆ ಹೋಗಿದ್ದ. ಹೆಸರುಗಳ ಪಟ್ಟಿ ಮಾಡಿದ ಸಮಿತಿ ಅದನ್ನು ಪೆನಾಬ್‌ಸ್ಕಾಟ್ ಬುಡಕಟ್ಟಿನವರ ಜಮೀನು ಕಸಿಯಲು ಹೋಗಿದ್ದು ಎಂದು ಓದಿಕೊಂಡಿತು. ಇತಿಹಾಸಕಾರರನ್ನು ಕರೆದು ಕೇಳುವ ಗೋಜಿಗೇ ಹೋಗಲಿಲ್ಲ. ಮೂರು ತಿಂಗಳೊಳಗೆ ಬೋರ್ಡ್ ಆ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಂಡಿತು.

ಇನ್ನೊಂದು ಸಭೆಯನ್ನು ಆ ಊರಿನ ಪೋಷಕರು ಮರೆತಿಲ್ಲ. ಪೋಷಕರ ಸಲಹಾ ಸಮಿತಿಗೆ ಸಂಬಳವಿಲ್ಲದೆ ದುಡಿಯಲು ಒಬ್ಬ ತಂದೆ ಮುಂದೆ ಬಂದರು. ಅವರು ಸಲಿಂಗಿ, ಆದರೆ ಬಿಳಿಯರು. ಸಮಿತಿಯಲ್ಲಿ ಬಿಳಿಯರು ಈಗಾಗಲೇ ಇದ್ದಾರೆ, ಇವರಿಂದ ವೈವಿಧ್ಯ ಹೆಚ್ಚುತ್ತದಾ ಎಂದು ಬೋರ್ಡ್ ಹತ್ತಿರ ಹತ್ತಿರ ಎರಡು ಗಂಟೆ ಮಾತಾಡಿತು. ಅವರು ಜೂಮ್‌ನಲ್ಲಿ ಸುಮ್ನೆ ಕೂತಿದ್ದರು. ಕೊನೆಗೆ ನೇಮಕವೂ ಆಗಲಿಲ್ಲ. ಶಾಲೆ ತೆರೆಯುವ ವಿಷಯಕ್ಕೆ ಕಾಯುತ್ತಿದ್ದವರು ಆ ರಾತ್ರಿ ಎಷ್ಟು ಕುದ್ದಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಲೋವೆಲ್ ಹೈಸ್ಕೂಲ್ ಗಲಾಟೆ ಏನು?

ಅಂಕ ನೋಡಿ ಸೀಟು ಕೊಡುತ್ತಿದ್ದ, ಇಡೀ ಊರಿಗೇ ಹೆಸರಾದ ಸರ್ಕಾರಿ ಶಾಲೆ ಲೋವೆಲ್. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಏಷ್ಯಾ ಮೂಲದವರು, ಅದರಲ್ಲೂ ಚೀನೀ ಕುಟುಂಬದವರು. ಕರಿಯ ಮಕ್ಕಳು ಬೆರಳೆಣಿಕೆಯಷ್ಟು. 2021ರ ಫೆಬ್ರವರಿಯಲ್ಲಿ ಬೋರ್ಡ್ 5-2ರಿಂದ ಅಂಕದ ಪದ್ಧತಿ ತೆಗೆದು ಲಾಟರಿ ತಂದಿತು. ನಮ್ಮಲ್ಲಿ ಸಿಇಟಿ ರ್‍ಯಾಂಕ್ ಬಿಟ್ಟು ಚೀಟಿ ಎತ್ತಿ ಸೀಟು ಕೊಡುತ್ತೇವೆ ಎಂದರೆ ಹೇಗಾಗುತ್ತದೆ, ಹಾಗೆ.

ಬೆಂಕಿಗೆ ತುಪ್ಪ ಬಿದ್ದದ್ದು ಮಾರ್ಚ್‌ನಲ್ಲಿ. ಕಾಲಿನ್ಸ್ 2016ರಲ್ಲಿ ಹಾಕಿದ್ದ ಟ್ವೀಟ್‌ಗಳು ಹೊರಬಂದವು. ಏಷ್ಯನ್ ಅಮೆರಿಕನ್ನರು ಮುಂದೆ ಬರಲು ಬಿಳಿಯರ ಮೇಲರಿಮೆಯ ಯೋಚನೆಯನ್ನೇ ಬಳಸುತ್ತಾರೆ ಎಂಬ ಅರ್ಥದ ಮಾತು ಅವುಗಳಲ್ಲಿತ್ತು. ಕೋವಿಡ್ ಕಾಲದಲ್ಲಿ ಬೀದಿಯಲ್ಲಿ ವಯಸ್ಸಾದ ಏಷ್ಯನ್ನರ ಮೇಲೆ ಹಲ್ಲೆಗಳು ನಡೆಯುತ್ತಿದ್ದ ದಿನಗಳವು. ಬೋರ್ಡ್ ಅವರನ್ನು ಉಪಾಧ್ಯಕ್ಷ ಸ್ಥಾನದಿಂದ ಇಳಿಸಿತು. ಅವರು ಡಿಸ್ಟ್ರಿಕ್ಟ್ ಮೇಲೂ ಜೊತೆಗಿನ ಸದಸ್ಯರ ಮೇಲೂ 8.7 ಕೋಟಿ ಡಾಲರ್ ಕೇಳಿ ಕೇಸು ಹಾಕಿದರು. ಆಗಸ್ಟ್‌ನಲ್ಲಿ ಜಡ್ಜ್ ಅದನ್ನು ವಜಾ ಮಾಡಿದರು. ಅದುವರೆಗೆ ಸ್ಕೂಲ್ ಬೋರ್ಡ್ ಚುನಾವಣೆ ಯಾವಾಗ ಎಂದೇ ಗಮನಿಸದಿದ್ದ ಚೀನೀ ಅಜ್ಜ ಅಜ್ಜಿಯರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮುಂದಾದರು.

ರೀಕಾಲ್ ಆದ ಮೇಲೆ, 2022ರ ಜೂನ್‌ನಲ್ಲಿ, ಹೊಸ ಬೋರ್ಡ್ 4-3ರಿಂದ ಲೋವೆಲ್‌ಗೆ ಅಂಕದ ಪದ್ಧತಿ ವಾಪಸ್ ತಂದಿತು.

ಏಳು ಜನರಲ್ಲಿ ಮೂವರೇ ಯಾಕೆ?

ಉಳಿದ ನಾಲ್ವರು 2020ರ ನವೆಂಬರ್‌ನಲ್ಲಿ ಆಯ್ಕೆಯಾದವರು. ಆ ಊರಿನ ನಿಯಮದ ಪ್ರಕಾರ ಆರು ತಿಂಗಳು ಕಳೆಯದೆ ಅವರ ವಿರುದ್ಧ ಶುರು ಮಾಡುವಂತಿರಲಿಲ್ಲ. ಅಷ್ಟೇ. ಬೇರೆ ಪವಾಡ ಇಲ್ಲ.

ಇದನ್ನು ಶುರು ಮಾಡಿದವರು ಯಾರು? ಹಣ ಎಲ್ಲಿಂದ ಬಂತು?

ಶುರು ಮಾಡಿದ್ದು ಇಬ್ಬರು. ಅದರಲ್ಲಿ ಒಬ್ಬರು ಭಾರತದಿಂದ ವಲಸೆ ಹೋದ, ಸರ್ಕಾರಿ ಶಾಲೆಯಲ್ಲಿ ಮಕ್ಕಳಿದ್ದ ತಂದೆ. ಇನ್ನೊಬ್ಬರು ಅವರ ಸಂಗಾತಿ. ಬೇಕಿದ್ದದ್ದು ಒಬ್ಬೊಬ್ಬರ ವಿರುದ್ಧ 51,325 ಸಹಿ. ಕೊಟ್ಟದ್ದು ತಲಾ 80,000ದ ಹತ್ತಿರ.

ಹಣದ ಪ್ರಶ್ನೆ ನ್ಯಾಯವಾದದ್ದು. ರೀಕಾಲ್ ಪರ ಸೇರಿದ್ದು ಸುಮಾರು 20 ಲಕ್ಷ ಡಾಲರ್, ವಿರುದ್ಧ ಸೇರಿದ್ದು ಅದರ ಚಿಕ್ಕ ಪಾಲು. ಹೂಡಿಕೆದಾರ ಆರ್ಥರ್ ರಾಕ್‌ರಂಥ ಶ್ರೀಮಂತರು ದೊಡ್ಡ ಮೊತ್ತ ಕೊಟ್ಟರು. ಅಧ್ಯಕ್ಷೆ ಲೋಪೆಜ್ ಮತ್ತು ಅವರ ಬೆಂಬಲಿಗರು "ಇದು ಶ್ರೀಮಂತರ, ಬಲಪಂಥದವರ ಆಟ" ಎಂದರು. ಹಣ ಇಲ್ಲದಿದ್ದರೆ ಸಹಿ ಅಷ್ಟು ಬೇಗ ಆಗುತ್ತಿರಲಿಲ್ಲ, ಒಪ್ಪೋಣ. ಆದರೆ ಮುಕ್ಕಾಲು ಪಾಲು ಮತವನ್ನು ಹಣ ಕೊಟ್ಟು ತರಲು ಆಗುವುದಿಲ್ಲ. ಡೆಮಾಕ್ರಟ್ ಮೇಯರ್ ಲಂಡನ್ ಬ್ರೀಡ್ ಕೂಡ ರೀಕಾಲ್ ಪರ ನಿಂತಿದ್ದರು.

ಮೊಲೀಗಾ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಬೇಜಾರಿದೆ. ಕಾಲಿನ್ಸ್ ಮೇಲಿದ್ದ ಸಿಟ್ಟು ಅವರ ಮೇಲೆ ಇರಲಿಲ್ಲ. ಪೆಸಿಫಿಕ್ ದ್ವೀಪ ಮೂಲದಿಂದ ಬಂದು ಆ ಊರಿನಲ್ಲಿ ಚುನಾವಣೆ ಗೆದ್ದ ಮೊದಲಿಗರು ಅವರು. ಹಾಳೆ ಬೇರೆ ಬೇರೆ ಇದ್ದರೂ ಸಿಟ್ಟಿನ ಹೊತ್ತಲ್ಲಿ ಜನ ಬೇರೆ ಬೇರೆ ಮಾಡಿ ನೋಡುವುದಿಲ್ಲ.

ಮೂವರು ಹೋದ ಮೇಲೆ ಶಾಲೆಗಳು ಸರಿಹೋದವಾ?

ಅರ್ಧಂಬರ್ಧ. ಮೇಯರ್ ಮೂವರು ಹೊಸಬರನ್ನು ನೇಮಿಸಿದರು. ಅವರಲ್ಲಿ ಇಬ್ಬರು ಅದೇ ನವೆಂಬರ್‌ನಲ್ಲಿ ಗೆದ್ದರು. ರೀಕಾಲ್ ಪ್ರಚಾರದಲ್ಲೇ ಹೆಸರಾಗಿದ್ದ ಆನ್ ಶು, ಕರಿಯ ಮತ್ತು ಲ್ಯಾಟಿನೋ ಕುಟುಂಬಗಳ ಬಗ್ಗೆ ಬರೆದ ಮಾತಿನಿಂದ ಸಿಕ್ಕಿಹಾಕಿಕೊಂಡು ಸೋತರು. ಸಭೆಗಳಲ್ಲಿ ಓದು, ಗಣಿತದ ಮಾತು ಜಾಸ್ತಿಯಾಯಿತು.

ಆದರೆ ರೀಕಾಲ್‌ಗೆ ಮೊದಲು ಇದ್ದ 12.5 ಕೋಟಿ ಡಾಲರ್ ಕೊರತೆಯಂಥ ಹಣದ ತೊಂದರೆ ಆಳವಾದದ್ದು. ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಕಟ್ಟಡಗಳು ಅಷ್ಟೇ ಇವೆ. 2022ರ ಆರಂಭದಲ್ಲಿ ತಂದ ಹೊಸ ಸಂಬಳದ ಸಾಫ್ಟ್‌ವೇರ್ ಕೆಟ್ಟು, ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳ ಸರಿಯಾಗಿ ಬರಲಿಲ್ಲ. 2024ರಲ್ಲಿ ಶಾಲೆ ಮುಚ್ಚುವ ಪಟ್ಟಿ ತಂದಾಗ ಎದ್ದ ಗದ್ದಲಕ್ಕೆ ಸೂಪರಿಂಟೆಂಡೆಂಟ್ ಮ್ಯಾಟ್ ವೇಯ್ನ್ ರಾಜೀನಾಮೆ ಕೊಟ್ಟರು. ಗಮನ ಎಲ್ಲೋ ಇರುವ ಸದಸ್ಯರನ್ನು ರೀಕಾಲ್ ತೆಗೆಯಬಲ್ಲದು. ಖಾಲಿ ತಿಜೋರಿ ತುಂಬುವುದು ಅದರ ಕೆಲಸ ಅಲ್ಲ. ಪ್ರಚಾರದ ಹೊತ್ತಲ್ಲಿ ಇದನ್ನು ಎರಡೂ ಕಡೆಯವರು ಹೇಳುವುದಿಲ್ಲ.

ಹೆಚ್ಚಿನ ರೀಕಾಲ್‌ಗಳು ಗೆಲ್ಲುತ್ತವಾ?

ಇಲ್ಲ. ಸುದ್ದಿಯಾಗುವುದು ಗೆದ್ದವು ಮಾತ್ರ. 2021ರಲ್ಲಿ ದೇಶಾದ್ಯಂತ 90ಕ್ಕೂ ಹೆಚ್ಚು ಪ್ರಯತ್ನ, 230ಕ್ಕೂ ಹೆಚ್ಚು ಸದಸ್ಯರ ವಿರುದ್ಧ ನಡೆಯಿತು ಎಂದು ಚುನಾವಣಾ ಮಾಹಿತಿಯ ವೆಬ್‌ಸೈಟ್ ಬ್ಯಾಲಟ್‌ಪೀಡಿಯಾ ಲೆಕ್ಕ ಇಟ್ಟಿದೆ. ಬಹುಪಾಲು ಸಹಿ ಹಂತದಲ್ಲೇ ನಿಂತುಹೋದವು. ವಿಸ್ಕಾನ್ಸಿನ್‌ನ ಮೆಕ್ವಾನ್-ಥೀನ್ಸ್‌ವಿಲ್‌ನಲ್ಲಿ ಅದೇ ನವೆಂಬರ್‌ನಲ್ಲಿ ನಾಲ್ವರ ವಿರುದ್ಧ ದೊಡ್ಡ ಹಣದ ಪ್ರಚಾರ ನಡೆದು ಚುನಾವಣೆವರೆಗೂ ಬಂತು. ನಾಲ್ವರೂ ಉಳಿದುಕೊಂಡರು.

ನಾನು ಗಮನಿಸಿದ್ದು ಇಷ್ಟು: "ಶಾಲೆ ನಡೆಸುತ್ತಿಲ್ಲ" ಎಂಬ ದೂರಿಗೆ ಎಲ್ಲ ಪಕ್ಷದವರೂ ಸಹಿ ಹಾಕುತ್ತಾರೆ. "ಇವರ ವಿಚಾರ ನಮ್ಮದಲ್ಲ" ಎಂಬ ದೂರಿಗೆ ಊರು ಎರಡು ಹೋಳಾಗುತ್ತದೆ.

ಬಲಪಂಥದ ಸದಸ್ಯರ ಮೇಲೂ ನಡೆದಿದೆಯಾ?

ಧಾರಾಳವಾಗಿ. 2024ರ ಮಾರ್ಚ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಯೂನಿಫೈಡ್ ಡಿಸ್ಟ್ರಿಕ್ಟಿನಲ್ಲಿ ಇಬ್ಬರು ಹೋದರು. ರಜೆಯ ಹೊತ್ತಲ್ಲಿ ತರಾತುರಿ ಸಭೆ ಕರೆದು ಸೂಪರಿಂಟೆಂಡೆಂಟನ್ನು ತೆಗೆದಿದ್ದು ಅಲ್ಲಿನ ಸಿಟ್ಟಿನ ಮೂಲ. ಅದೇ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಸುನೋಲ್‌ನಲ್ಲಿ, ಒಂದೇ ಒಂದು ಶಾಲೆಯಿರುವ ಪುಟ್ಟ ಡಿಸ್ಟ್ರಿಕ್ಟಿನಲ್ಲಿ, ಮೂವರಲ್ಲಿ ಇಬ್ಬರನ್ನು ತೆಗೆದರು. ದೇಶದ ಮತ್ತು ರಾಜ್ಯದ ಬಾವುಟ ಬಿಟ್ಟು ಬೇರೆ ಯಾವುದೂ ಹಾರಬಾರದು ಎಂದು ಆ ಇಬ್ಬರು ನಿರ್ಣಯ ಮಾಡಿದ್ದರು.

ಎಲ್ಲಕ್ಕಿಂತ ಮಜಾ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದ್ದು. ಪಠ್ಯದ ವಿಷಯದಲ್ಲಿ ರಾಜ್ಯಪಾಲ ನ್ಯೂಸಮ್ ಜೊತೆಗೇ ಜಟಾಪಟಿಗೆ ಇಳಿದಿದ್ದ ಬೋರ್ಡ್ ಅದು. ಅದರ ಅಧ್ಯಕ್ಷ ಜೋಸೆಫ್ ಕೊಮ್ರೋಸ್ಕಿ 2024ರ ಜೂನ್‌ನಲ್ಲಿ ಇನ್ನೂರು ಚಿಲ್ಲರೆ ಮತದಿಂದ ರೀಕಾಲ್ ಆದರು. ಐದು ತಿಂಗಳ ನಂತರ, ನವೆಂಬರ್‌ನಲ್ಲಿ ಮತ್ತೆ ನಿಂತು ಗೆದ್ದು ಬಂದರು! ರೀಕಾಲ್ ಆದವರು ಮುಂದೆ ನಿಲ್ಲಬಾರದು ಎಂಬ ನಿಯಮ ಇಲ್ಲ.

ಇದು ಕೋವಿಡ್ ನಂತರ ಶುರುವಾದ ಚಾಳಿಯಾ?

ಕ್ಯಾಲಿಫೋರ್ನಿಯಾದಲ್ಲಿ ರೀಕಾಲ್ 1911ರಿಂದ ಸಂವಿಧಾನದಲ್ಲೇ ಇದೆ. ಆದರೆ ಸ್ಕೂಲ್ ಬೋರ್ಡ್ ರೀಕಾಲ್‌ಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು 1959ರ ಲಿಟಲ್ ರಾಕ್.

ಅರ್ಕನ್ಸಾದ ಆ ಊರಲ್ಲಿ ಕರಿಯ ಮಕ್ಕಳು ಬಿಳಿಯರ ಜೊತೆ ಕೂರಬಾರದು ಎಂದು ಗವರ್ನರ್ ಫಾಬಸ್ 1958-59ರ ಇಡೀ ವರ್ಷ ಹೈಸ್ಕೂಲುಗಳನ್ನೇ ಮುಚ್ಚಿಸಿದ್ದರು. ಬೋರ್ಡಿನ ಆರು ಜನರಲ್ಲಿ ಮೂವರು ಪ್ರತ್ಯೇಕತೆಯ ಕಟ್ಟಾ ಬೆಂಬಲಿಗರು. ಮೇ 5ರ ಸಭೆಯಿಂದ ಉಳಿದ ಮೂವರು ಎದ್ದು ಹೋದರು. ಕೂತಿದ್ದ ಮೂವರೇ 44 ಶಿಕ್ಷಕರು ಮತ್ತು ಸಿಬ್ಬಂದಿಯನ್ನು ಕೈಬಿಡುವ ನಿರ್ಣಯ ಮಾಡಿದರು. ಮಕ್ಕಳು ಒಟ್ಟಿಗೆ ಕಲಿಯುವುದಕ್ಕೆ ಇವರ ಬೆಂಬಲ ಇದೆ ಎಂಬ ಗುಮಾನಿಯೇ ಕಾರಣ. (ಅಲ್ಲಿಯೂ 44, ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ 44. ಕಾಕತಾಳೀಯ, ಅಷ್ಟೇ.) ಊರಿನ ವ್ಯಾಪಾರಿಗಳು, ಮಹಿಳೆಯರು, ಪೋಷಕರು ಸೇರಿ 'ಸ್ಟಾಪ್' ಎಂಬ ಗುಂಪು ಕಟ್ಟಿದರು. ಅವರಿಗೆ ಎದುರಾಗಿ 'ಕ್ರಾಸ್' ಹುಟ್ಟಿಕೊಂಡಿತು. 'ಸ್ಟಾಪ್'ನವರು ಕಟ್ಟಾ ಮೂವರನ್ನು ತೆಗೆಯಿರಿ ಎಂದರೆ 'ಕ್ರಾಸ್'ನವರು ಎದ್ದು ಹೋದ ಮೂವರನ್ನು ತೆಗೆಯಿರಿ ಎಂದರು. ಮೇ 25ಕ್ಕೆ ಆರೂ ಜನರ ರೀಕಾಲ್ ಒಟ್ಟಿಗೆ ನಡೆಯಿತು. ಕಟ್ಟಾ ಮೂವರೂ ಹೋದರು, ಉಳಿದ ಮೂವರೂ ಉಳಿದರು. ಅಂತರ ತೀರಾ ಕಡಿಮೆ. ಆಗಸ್ಟ್‌ನಲ್ಲಿ ಶಾಲೆ ತೆರೆಯಿತು.

ನನ್ನದು ಎಚ್-1ಬಿ ವೀಸಾ. ನಾನು ಓಟು ಹಾಕಬಹುದಾ?

ಸಾಮಾನ್ಯವಾಗಿ ಇಲ್ಲ. ಗ್ರೀನ್ ಕಾರ್ಡ್ ಇದ್ದರೂ ಇಲ್ಲ. ಇದಕ್ಕೆ ಹೊರತಾದ ಒಂದು ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋ ನಗರ. 2016ರಲ್ಲಿ ಮತದಾರರು ಒಪ್ಪಿದ ನಿಯಮದಂತೆ, ಅಲ್ಲೇ ವಾಸವಿದ್ದು 19ರೊಳಗಿನ ಮಕ್ಕಳಿರುವ ಪೋಷಕರು ನಾಗರಿಕರಲ್ಲದಿದ್ದರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಬಹುದು. 2022ರಲ್ಲಿ ಒಂದು ಕೋರ್ಟ್ ಅದನ್ನು ರದ್ದು ಮಾಡಿತ್ತು, 2023ರಲ್ಲಿ ಮೇಲಿನ ಕೋರ್ಟ್ ಎತ್ತಿಹಿಡಿಯಿತು.

ಆದರೂ ದುಡುಕಬೇಡಿ. ನೀವು ಕೊಡುವ ಮಾಹಿತಿ ವಲಸೆ ಇಲಾಖೆಯ ಕೈಗೆ ಸಿಗಬಹುದು ಎಂದು ನಗರದ ಚುನಾವಣಾ ಇಲಾಖೆಯೇ ಎಚ್ಚರಿಸುತ್ತದೆ. ವಲಸೆ ವಕೀಲರನ್ನು ಕೇಳದೆ ಹೆಸರು ಸೇರಿಸಬೇಡಿ. ಚುನಾವಣೆಗೆ ಹಣ ಕೊಡುವ ಮೊದಲೂ ಕೇಳಿ.

ಓಟಿಲ್ಲದವರಿಗೂ ಒಂದು ದಾರಿ ಯಾವಾಗಲೂ ಇದೆ. ಬೋರ್ಡ್ ಸಭೆಗೆ ಹೋಗಿ ಮೈಕ್ ಮುಂದೆ ಮಾತಾಡಬಹುದು. ನಾಗರಿಕರಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕರ್ನಾಟಕದಲ್ಲಿ ಇಂಥದ್ದು ಇದೆಯಾ?

ಹತ್ತಿರದ್ದು ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕು. ಆದರೆ ಅದು ಒಂದೊಂದು ಶಾಲೆಯ ಸಮಿತಿ. ಮೇಷ್ಟ್ರ ನೇಮಕ, ಪಠ್ಯ ಎರಡೂ ಅದರ ಕೈಯಲ್ಲಿಲ್ಲ. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಇಳಿಸುವುದು ಸದಸ್ಯರ ಅವಿಶ್ವಾಸ, ಊರಿನ ಮತದಾರರಲ್ಲ. ಮತದಾರರೇ ಇಳಿಸುವ ಪದ್ಧತಿ ಮಧ್ಯಪ್ರದೇಶ, ಛತ್ತೀಸ್‌ಗಢದ ನಗರ ಸಂಸ್ಥೆಗಳಲ್ಲಿ ಬಂದು ಬಳಕೆಯೂ ಆಗಿದೆ.

ಸಹಿ ಕೇಳಿಕೊಂಡು ಬಂದರೆ ಏನು ನೋಡಬೇಕು?

ಕ್ಯಾಲಿಫೋರ್ನಿಯಾದಲ್ಲಿ ನೀವು ಮತದಾರರಾಗಿದ್ದರೆ ಮಾತ್ರ ಸಹಿ ಹಾಕಿ. ವಿಳಾಸ ಮತದಾರರ ಪಟ್ಟಿಯಲ್ಲಿರುವಂತೆಯೇ ಇರಲಿ. ಕೇಳುವವರು ಸ್ವಯಂಸೇವಕರಾ, ಸಹಿಗಿಷ್ಟು ಎಂದು ದುಡ್ಡು ಪಡೆಯುವವರಾ ಎಂದು ವಿಚಾರಿಸಿ. ದುಡ್ಡು ಪಡೆಯುವುದು ತಪ್ಪೇನಲ್ಲ, ಆದರೆ ಅವರ ಅವಸರ ಯಾಕೆಂದು ತಿಳಿಯುತ್ತದೆ. ಹಾಳೆಯಲ್ಲಿ ಆರೋಪದ ಕೆಳಗೆ ಸದಸ್ಯರ ಉತ್ತರವೂ ಇರುತ್ತದೆ, ಅದನ್ನೂ ಓದಿ. ತೆಗೆದ ಮೇಲೆ ಆ ಜಾಗಕ್ಕೆ ಯಾರು ಬರುತ್ತಾರೆ ಎಂದೂ ಕೇಳಿ. ಈಗಿನ ನಿಯಮದಂತೆ ಸ್ಥಳೀಯ ರೀಕಾಲ್ ಮತಪತ್ರದಲ್ಲಿ ಹೌದು, ಇಲ್ಲ ಎರಡೇ ಇರುತ್ತವೆ, ಬದಲಿ ಅಭ್ಯರ್ಥಿಯ ಹೆಸರು ಇರುವುದಿಲ್ಲ. ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ, ಹಾಳೆಗಳು ಚುನಾವಣಾ ಕಚೇರಿಗೆ ಸಲ್ಲಿಕೆಯಾಗುವ ಮೊದಲು ಬರೆದುಕೊಟ್ಟು ನಿಮ್ಮ ಸಹಿಯನ್ನು ಹಿಂತೆಗೆದುಕೊಳ್ಳಬಹುದು.